ತಡವಾಗಿ ಬಂದ ಸಂದೇಶ ಬಾರದಿದ್ದಂತೆ

ಕೋಲಾಟ ಆಡಿದ್ದೀರಲ್ಲ, ಮಕ್ಕಳೇ? ಕೋಲನ್ನು ಎಷ್ಟು ಜೋರಾಗಿ ಬೀಸಿದಿರಿ ಎನ್ನುವುದು ಅಲ್ಲಿ ಮುಖ್ಯವಲ್ಲ. ಜೊತೆಗಾರನ ಕೋಲಿಗೆ ಅದು ಸರಿಯಾದ ಗಳಿಗೆಯಲ್ಲಿ ತಾಗಬೇಕು. ಕಾರ್ಖಾನೆಯ ಯಂತ್ರಗಳ ಮಾತುಕತೆಯೂ ಹೀಗೆಯೇ. ಸಾಲಾಗಿ ಓಡುವ ಬಾಟಲಿಗಳಿಗೆ ಮುಚ್ಚಳ ಹಾಕುವ ಯಂತ್ರಕ್ಕೆ ‘ಈಗ ಒತ್ತು’ ಎಂಬ ಸಂದೇಶ ತುಸು ತಡವಾದರೂ ಮುಚ್ಚಳ ಗುರಿ ತಪ್ಪುತ್ತದೆ.

ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ಆಗ ಎಲ್ಲ ಕಂಪ್ಯೂಟರುಗಳಿಗೂ ಸೇರಿ ಒಂದೇ ತಂತಿ. ಎರಡು ಒಟ್ಟಿಗೆ ಮಾತಾಡಿದರೆ ಸಂದೇಶಗಳು ಡಿಕ್ಕಿ ಹೊಡೆಯುತ್ತಿದ್ದವು. ಎರಡೂ ಸುಮ್ಮನಾಗಿ, ಸ್ವಲ್ಪ ಹೊತ್ತು ಕಾದು, ಮತ್ತೆ ಕಳಿಸಬೇಕಿತ್ತು. ಈಗ ಆ ಡಿಕ್ಕಿ ತಪ್ಪಿದೆ. ಆದರೂ ದಾರಿಯಲ್ಲಿ ಸಂದೇಶಗಳು ಸರದಿಗಾಗಿ ಕಾಯುವುದುಂಟು. ಇ-ಮೇಲ್ ಅರೆ ಸೆಕೆಂಡ್ ತಡವಾದರೆ ನಮಗೆ ಗೊತ್ತೇ ಆಗದು. ಯಂತ್ರಕ್ಕೆ ಅದು ದೊಡ್ಡ ಹೊತ್ತು.

ಇದಕ್ಕೊಂದು ಉಪಾಯವಾಗಿ ಜರ್ಮನಿಯ ಬೆಕ್‌ಹಾಫ್ ಕಂಪನಿ 2003ರಲ್ಲಿ ‘ಈಥರ್‌ಕ್ಯಾಟ್’ ಪದ್ಧತಿಯನ್ನು ಪರಿಚಯಿಸಿತು. ಪಂಕ್ತಿ ಊಟ ನೆನಪಿಸಿಕೊಳ್ಳಿ. ಒಂದೊಂದು ಎಲೆಗೂ ಬೇರೆ ಬೇರೆಯಾಗಿ ಅಡುಗೆಮನೆಯಿಂದ ಬಂದು ಬಡಿಸಿದರೆ ಊಟ ಮುಗಿದಂತೆಯೇ! ಬಡಿಸುವವರು ಒಂದೇ ಬಕೆಟ್ ಹಿಡಿದು ಸಾಲಿನುದ್ದಕ್ಕೂ ಸಾಗುತ್ತಾರೆ. ಇಲ್ಲಿಯೂ ಒಂದೇ ಸಂದೇಶ ಎಲ್ಲ ಯಂತ್ರಭಾಗಗಳನ್ನೂ ಹಾದುಹೋಗುತ್ತದೆ. ಪ್ರತಿ ಭಾಗವೂ ಸಂದೇಶವನ್ನು ತಡೆದು ನಿಲ್ಲಿಸದೆ ತನ್ನ ಪಾಲಿನ ಆಜ್ಞೆಯನ್ನು ಓದಿಕೊಂಡು, ತನ್ನ ಉತ್ತರವನ್ನು ಅದರಲ್ಲೇ ಸೇರಿಸುತ್ತದೆ. ಕೊನೆಗೆ ಸಂದೇಶ ಹೊರಟಲ್ಲಿಗೇ ಮರಳುತ್ತದೆ. ಎಲ್ಲ ಭಾಗಗಳ ಗಡಿಯಾರಗಳೂ ಒಂದನ್ನೊಂದು ಹೊಂದಿಕೊಂಡಿರುತ್ತವೆ. ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ!

ಇದು ಬರೀ ಬಾಟಲಿಯ ಮಾತಲ್ಲ, ಜೀವದ ಮಾತೂ ಹೌದು. ಅಪಾಯ ಕಂಡಾಗ ಕೆಲಸಗಾರರು ಒತ್ತಲೆಂದು ಯಂತ್ರದ ಬಳಿ ಕೆಂಪು ಗುಂಡಿ ಇರುತ್ತದೆ. ಗುಂಡಿಯ ಸಂದೇಶ ಸಾಗುವ ತಂತಿಯೇ ತುಂಡಾಗಿದ್ದರೆ? ಅದಕ್ಕೇ ಸುರಕ್ಷತೆಯ ನಿಯಮ ತಿರುವುಮುರುವಾಗಿದೆ. ‘ಎಲ್ಲ ಸರಿಯಿದೆ’ ಎಂಬ ಸಂದೇಶ ಬಿಡದೆ ಬರುತ್ತಲೇ ಇರಬೇಕು. ಗೊತ್ತುಪಡಿಸಿದ ಹೊತ್ತಿನೊಳಗೆ ಅದು ಬಾರದಿದ್ದರೆ, ಯಾರೂ ಗುಂಡಿ ಒತ್ತದಿದ್ದರೂ ಯಂತ್ರ ತಾನೇ ನಿಲ್ಲುತ್ತದೆ.

ನಿಮ್ಮ ಮನೆಯಲ್ಲಿ ಯಾರಾದರೂ ಕಾರ್ಖಾನೆಗೆ ಹೋಗುವವರಿದ್ದರೆ, ಅಲ್ಲಿನ ಕೆಂಪು ಗುಂಡಿ ಎಲ್ಲಿದೆ ಎಂದು ಇಂದೇ ಕೇಳಿ. ಅವರ ಕೈ ಎಟುಕುವಷ್ಟು ಹತ್ತಿರ ಇದೆಯೇ ಎಂದೂ ಕೇಳಿ.