ಪಂದ್ಯದ ಹಳೆ ಬೈಕು ಮಾರುವ ಮುನ್ನ

ಹಳೆಯ ಮೋಟಾರು ಬೈಕುಗಳಿಗೆ ಈಗ ಒಳ್ಳೆಯ ಬೆಲೆ ಬಂದಿದೆಯೆಂಬುದು ಸರ್ವವಿದಿತ. ಕೊಟ್ಟಿಗೆಯ ಮೂಲೆಯಲ್ಲಿ ಸೋಗೆ, ಹರಕು ಗೋಣಿಗಳ ಅಡಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಜಾವಾ, ಯೆಜ್ಡಿಗಳನ್ನು ಕೇಳಿಕೊಂಡು ದೂರದೂರಿನ ಜನ ನಮ್ಮ ಅಂಗಳದ ತನಕ ಬರುತ್ತಾರೆ. ಮಾರುವುದು, ಬಿಡುವುದು ಆಯಾ ಮನೆಯವರ ಇಷ್ಟ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಪಂದ್ಯದ ಬೈಕೂ ಇರುತ್ತದೆ. ಮೋಟೋಕ್ರಾಸ್ ಓಟಕ್ಕೆಂದು ಯಾರೋ ಚಿಕ್ಕಪ್ಪ, ಸೋದರಮಾವ ಪ್ರಾಯದ ಹುರುಪಿನಲ್ಲಿ ಮಾರ್ಪಡಿಸಿಕೊಂಡ ಬೈಕು ಅದು. ಅಂಥದ್ದನ್ನು ಮಾರುವ ರೀತಿಯ ಬಗ್ಗೆ ನಾಲ್ಕು ಮಾತು ಹೇಳದೆ ನಿರ್ವಾಹವಿಲ್ಲ.

ಮೋಟೋಕ್ರಾಸ್ ಎಂದರೆ ಡಾಮರು ರಸ್ತೆಯ ಓಟವಲ್ಲ. ಮಣ್ಣು, ಕೆಸರು, ದಿಬ್ಬ, ಹೊಂಡಗಳ ಮೇಲೆ ಬೈಕನ್ನು ಹಾರಿಸಿ ಇಳಿಸುವ ಓಟ. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಸ್ಪರ್ಧೆಯಿಂದ ಇದರ ಚರಿತ್ರೆಯನ್ನು ಎಣಿಸುವುದು ರೂಢಿ. 1964ರಲ್ಲಿ ಬೆಲ್ಜಿಯಮ್ಮಿನ ಜೋಯೆಲ್ ರೊಬೇರ್ 250 ಸಿ.ಸಿ. ವರ್ಗದ ವಿಶ್ವವಿಜೇತನಾದದ್ದು ಜೆಕೊಸ್ಲೊವಾಕಿಯದ ಸಿ.ಝಡ್. ಬೈಕಿನ ಮೇಲೆ, 1968 ಮತ್ತು 1969ರಲ್ಲಿ ಅದೇ ಬೈಕಿನಲ್ಲಿ ಮತ್ತೆ ಗೆದ್ದ. ಅದೇ ದೇಶದ ಜಾವಾ ಕಂಪೆನಿಯ ವಿನ್ಯಾಸವನ್ನು ತಂದು 1960ರ ದಶಕದ ಆರಂಭದಲ್ಲಿ ಬೈಕು ತಯಾರಿಗಿಳಿದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. ಮುಂದಿನ ದಶಕದಲ್ಲಿ ಬೈಕಿನ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಕೋಲು – ನಮ್ಮ ಪ್ರಾಯದವರಿಗೆ ಇದರ ಸದ್ದು ಕೇಳಿದರೆ ಬರುವವರು ಯಾರೆಂದು ಕಾಣದೆಯೇ ಗೊತ್ತಾಗುತ್ತಿತ್ತು.

ಪಂದ್ಯಕ್ಕೆಂದೇ ತಯಾರಾದ ವಿದೇಶೀ ಬೈಕನ್ನು ತರಿಸುವುದು ಆಮದು ನಿರ್ಬಂಧದ ಆ ಕಾಲದಲ್ಲಿ ಸಾಮಾನ್ಯರಿಗೆ ಎಟುಕುವ ಮಾತಾಗಿರಲಿಲ್ಲ. ಆದುದರಿಂದ ಹುಡುಗರು ರಸ್ತೆಯ ಬೈಕನ್ನೇ ಬಿಚ್ಚಿದರು. ದೀಪ, ಹಾರನ್ನು ಕಿತ್ತರು. ಮಡ್ಗಾರ್ಡನ್ನು ಮೇಲಕ್ಕೆತ್ತಿದರು. ಸೈಲೆನ್ಸರಿನ ಕೊಳವೆಯನ್ನು ಕೆಸರು ತಾಗದ ಹಾಗೆ ಸೀಟಿನ ಪಕ್ಕಕ್ಕೆ ಬಗ್ಗಿಸಿದರು. ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಹಾಕಿದರು. ವೇಗ ಕಡಿಮೆಯಾದರೂ ಎಳೆಯುವ ಶಕ್ತಿ ಬಂತು. ಎಗರಿ ಬಿದ್ದು ಫ್ರೇಮು ಬಿರುಕು ಬಿಟ್ಟಲ್ಲಿ ವೆಲ್ಡಿಂಗ್ ಮಾಡಿಸಿದರು. ಹೀಗೆ ಆದ ಬೈಕು ನೋಡಲಿಕ್ಕೆ ಚಂದವಿರುವುದಿಲ್ಲ.

ಚಂದವಿಲ್ಲದಿರುವುದೇ ಅದರ ಬೆಲೆಯೆಂಬುದು ನಮ್ಮ ಅಭಿಪ್ರಾಯ. ಇದನ್ನು ತಿಳಿಯದೆ ಎರಡು ಬಗೆಯ ಅನಾಹುತ ನಡೆಯುತ್ತದೆ. ಒಂದು, ದೀಪವಿಲ್ಲದ, ದಾಖಲೆ ಅವಧಿ ಮುಗಿದ ಕಬ್ಬಿಣವೆಂದು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವುದು. ಇನ್ನೊಂದು ಇದಕ್ಕಿಂತಲೂ ಕೆಟ್ಟದ್ದು: ಬೆಲೆ ಏರಿಸುವ ಆಸೆಯಿಂದ ಹೊಸ ಬಣ್ಣ ಹೊಡೆದು, ಬೇರೆ ಬೈಕಿನ ದೀಪ, ಟ್ಯಾಂಕಿ ಜೋಡಿಸಿ, ‘ಕಂಪೆನಿಯಿಂದ ಬಂದ ಹಾಗೆಯೇ ಇದೆ’ ಎಂದು ಮಾರುವುದು. ವಿದ್ಯಾರ್ಥಿ ತಪ್ಪುತಪ್ಪಾಗಿ ತಾನೇ ಬರೆದ ಉತ್ತರಕ್ಕೂ, ಗೈಡು ನೋಡಿ ಇಳಿಸಿದ ಮುತ್ತಿನಂಥ ಉತ್ತರಕ್ಕೂ ಇರುವ ಅಂತರ ಮಾಸ್ತರರಾದ ನಮಗೆ ಚೆನ್ನಾಗಿ ಗೊತ್ತು. ನಿಜವಾಗಿ ಬೈಕಿನ ಬೆಲೆ ಬಲ್ಲವನು ಮೊದಲು ನೋಡುವುದು ಎಂಜಿನ್ ನಂಬ್ರ, ಚಾಸಿಸ್ ನಂಬ್ರಗಳನ್ನು. ಆಮೇಲೆ ಕಾಲಿಡುವ ಪೆಡಲಿನ ಬುಡವನ್ನು, ಹ್ಯಾಂಡಲಿನ ಕುತ್ತಿಗೆಯನ್ನು. ಅಲ್ಲಿ ಬಣ್ಣ ದಪ್ಪವಾಗಿದ್ದರೆ ಅವನಿಗೆ ಸಂಶಯ ಬರುತ್ತದೆ. ವೆಲ್ಡಿಂಗ್ ಎಲ್ಲೆಲ್ಲಿ ಆಗಿದೆಯೆಂದು ನಾವೇ ಬೆರಳಿಟ್ಟು ತೋರಿಸಿದರೆ ವ್ಯಾಪಾರ ಕೆಡುವುದಿಲ್ಲ. ಕಿತ್ತಿಟ್ಟ ಹಳೆಯ ದೀಪ, ಸೈಲೆನ್ಸರುಗಳು ಅಟ್ಟದಲ್ಲಿದ್ದರೆ ಅವನ್ನು ಜೋಡಿಸುವ ಗೋಜಿಗೆ ಹೋಗದೆ ಗೋಣಿಯಲ್ಲಿ ಕಟ್ಟಿ ಬೈಕಿನ ಜೊತೆಗೇ ಕೊಡುವುದು ಲೇಸು.

ಇನ್ನು ನಮ್ಮವರಿಗೇ ವಿಶೇಷವಾಗಿ ಸಂಬಂಧಿಸಿದ ಮಾತು. ಪಂದ್ಯದ ಬೈಕು ಪಂದ್ಯದಲ್ಲಿ ಓಡಿತ್ತೆಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಪುರಾವೆ ಬೇಕು. ಗಡಿನಾಡಿನ ಕನ್ನಡ ಮನೆಗಳಲ್ಲಿ ಆ ಪುರಾವೆ ಇರುವುದು ಕನ್ನಡದಲ್ಲಿ. ಮಂಗಳೂರಿನ ಗ್ಯಾರೇಜಿನವರು ಬರೆದುಕೊಟ್ಟ ಚೀಟಿ, ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲಿನ ವರದಿಯ ತುಣುಕು, ಗೆಳೆಯ ಬರೆದ ಕಾಗದ, ಫೋಟೋದ ಹಿಂಬದಿಯಲ್ಲಿ ಶಾಯಿಯಲ್ಲಿ ಗೀಚಿದ ಊರು, ತಾರೀಕು. ಇವೆಲ್ಲ ತಗಡಿನ ಪೆಟ್ಟಿಗೆಯೊಂದರಲ್ಲಿ ಉಳಿದಿರುತ್ತವೆ. ಯಜಮಾನರು ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆಯುವ ಮೊಮ್ಮಗ ಕಲಿತದ್ದು ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಚೆನ್ನಾಗಿ ಆಡುತ್ತಾನೆ. ಓದಲಿಕ್ಕೆ ಮಾತ್ರ ಬರುವುದಿಲ್ಲ. ಅವನ ಕಣ್ಣಿಗೆ ಅದು ರದ್ದಿ. ಬೈಕು ಒಂದು ದಿಕ್ಕಿಗೆ, ಕಾಗದ ಇನ್ನೊಂದು ದಿಕ್ಕಿಗೆ ಹೋದ ಮೇಲೆ ಅದು ಬರೇ ದೀಪವಿಲ್ಲದ ಹಳೆ ಯೆಜ್ಡಿ. ಅಕ್ಷರ ಮರೆತರೆ ಏನು ನಷ್ಟವೆಂದು ಕೇಳುವ ತಂದೆತಾಯಂದಿರಿಗೆ ನಾವು ಸಾಮಾನ್ಯವಾಗಿ ಸಂಸ್ಕೃತಿಯ ಮಾತು ಹೇಳುತ್ತೇವೆ. ರೂಪಾಯಿಯ ಲೆಕ್ಕದಲ್ಲಿಯೂ ನಷ್ಟವಿದೆ.

ಆದುದರಿಂದ ಗಿರಾಕಿ ಬರುವ ಮೊದಲೇ ಆ ಪೆಟ್ಟಿಗೆಯನ್ನು ಓದಬಲ್ಲವರ ಕೈಲಿ ಓದಿಸಬೇಕು. ಊರಲ್ಲಿ ಕನ್ನಡ ಶಾಲೆಯ ಮಾಸ್ಟ್ರೋ ಟೀಚರೋ ಇದ್ದೇ ಇರುತ್ತಾರೆ. ಕರೆದರೆ ಒಂದು ಲೋಟ ಚಹಾದ ಖರ್ಚಿನಲ್ಲಿ ಕೆಲಸವಾದೀತು. ಬೈಕು ಓಡಿಸಿದವರು ಇನ್ನೂ ಇದ್ದರೆ ಎಲ್ಲಿ ಓಡಿಸಿದರು, ಏನೇನು ಬದಲಾಯಿಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದು ಸಹಿ ಹಾಕಿಸಬೇಕು. ಕಾಗದಗಳ ಪ್ರತಿ ಮನೆಯಲ್ಲಿಯೂ ಇರಲಿ. ಹಾಗೆಯೇ ಕೊಳ್ಳುವವರು ಮಲಯಾಳದಲ್ಲಿ ಬರೆಸಿ ತಂದ ಕರಾರುಪತ್ರಕ್ಕೆ ದಾಕ್ಷಿಣ್ಯದಿಂದ ರುಜು ಹಾಕುವ ನಮ್ಮ ಹಿರಿಯರ ಅಭ್ಯಾಸ ನಿಲ್ಲಬೇಕು. ಅರ್ಥ ಕೇಳುವುದು ಅವಮಾನವೇನಲ್ಲ.

ಕಾನೂನಿನ ವಿಷಯದಲ್ಲಿ ಉದಾಸೀನ ಬಹಳ. ರಸ್ತೆಗೆಂದು ನೋಂದಣಿಯಾದ ಬೈಕನ್ನು ಆಮೇಲೆ ಪಂದ್ಯಕ್ಕೆ ಮಾರ್ಪಡಿಸಿದ್ದರೂ ದಾಖಲೆಯಲ್ಲಿ ಮಾಲಿಕರ ಹೆಸರು ಹಾಗೆಯೇ ಇರುತ್ತದೆ. ಮಾರಿದ ವಿಷಯವನ್ನು ಅದೇ ರಾಜ್ಯದೊಳಗಾದರೆ 14 ದಿನಗಳಲ್ಲಿ, ಹೊರ ರಾಜ್ಯಕ್ಕಾದರೆ 45 ದಿನಗಳಲ್ಲಿ ಮಾರುವವರೇ ತಿಳಿಸಬೇಕೆಂಬುದು 1988ರ ಮೋಟಾರು ವಾಹನ ಕಾಯಿದೆಯ ನಿಯಮ. ಕೊಟ್ಟ ಮೇಲೆ ನಮಗೇನು ಎಂದು ಕೂತರೆ, ಮುಂದೆ ಅಪಘಾತವಾದಲ್ಲಿ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲಿಕರ ತಲೆಗೇ ಬರುತ್ತದೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಮಂಗಳೂರಿನಲ್ಲಿ ಕೊಂಡು, ಕರ್ನಾಟಕದ ನಂಬ್ರದಲ್ಲಿಯೇ ಇಲ್ಲಿ ಉಳಿದ ಬೈಕುಗಳಿಗೆ ಅಲ್ಲಿಯ ಆರ್.ಟಿ.ಒ. ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ತಲಪಾಡಿ ದಾಟುವ ಉದಾಸೀನಕ್ಕೆ ಇದನ್ನು ಬಿಟ್ಟವರು ಬಹಳ ಮಂದಿ.

50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರಕಾರ ಪ್ರತ್ಯೇಕ ನೋಂದಣಿಯ ನಿಯಮ ತಂದಿದೆ. ಕೆಲವು ದಲ್ಲಾಳಿಗಳು ಅದನ್ನು ತೋರಿಸಿ ಆಸೆ ಹುಟ್ಟಿಸುವುದುಂಟು. ಆದರೆ ಆ ನಿಯಮ ಮೂಲ ರೂಪದಲ್ಲಿಯೇ ಇರುವ ವಾಹನಗಳಿಗೆ ಮಾತ್ರ. ಬಿಚ್ಚಿ ಬಗ್ಗಿಸಿ ಪಂದ್ಯಕ್ಕಿಳಿಸಿದ್ದಕ್ಕೆ ಅನ್ವಯಿಸದು. ಮಾರ್ಪಡಿಸಿದ ಬೈಕು ರಸ್ತೆಗೆ ಇಳಿಯುವ ಹಾಗೂ ಇಲ್ಲ. ಹಳೆಯ ಪಂದ್ಯದ ಬೈಕುಗಳ ಚರಿತ್ರೆಗೂ ಒಂದು ಸ್ಥಾನ ಆ ನಿಯಮದಲ್ಲಿ ಇರಬೇಕಿತ್ತೆಂಬುದು ನಮ್ಮ ಅನಿಸಿಕೆ. ಈಗಿನ ಸ್ಥಿತಿಯಲ್ಲಿ ಅದನ್ನು ಕೊಳ್ಳುವವನು ಮನೆಯಲ್ಲಿಡಲಿಕ್ಕೋ, ಮುಚ್ಚಿದ ಅಂಕಣದಲ್ಲಿ ಓಡಿಸಲಿಕ್ಕೋ ಮಾತ್ರ ಕೊಳ್ಳಬೇಕಾಗುತ್ತದೆ. ಇದನ್ನೂ ಮುಚ್ಚಿಡದೆ ಹೇಳಿಯೇ ಮಾರಬೇಕು.

ಕೊನೆಗೆ, ಬೈಕು ಕೊಂಡುಹೋಗುವ ದಿನದ ಒಂದು ಮಾತು. ‘ಒಮ್ಮೆ ಸ್ಟಾರ್ಟ್ ಮಾಡಿ ನೋಡುವಾ ಅಣ್ಣಾ, ಹಾಗೆಯೇ ಓಡಿಸಿಕೊಂಡು ಹೋಗುತ್ತೇನೆ’ ಎಂದು ಗಿರಾಕಿ ಒತ್ತಾಯಿಸಿದರೂ ಬಿಡಬಾರದು. ವರ್ಷಗಟ್ಟಲೆ ನಿಂತ ಎಂಜಿನಿನಲ್ಲಿ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ. ವಿಮೆಯಿಲ್ಲ, ದೀಪವಿಲ್ಲ, ಬ್ರೇಕು ಹಿಡಿದೀತೆಂಬ ಭರವಸೆಯೂ ಇಲ್ಲ. ಪಿಕಪ್ ತಂದು, ಹಗ್ಗ ಬಿಗಿದು, ಹಗಲಲ್ಲಿಯೇ ಒಯ್ಯಲಿ.