ಉಪ್ಪಿನಕಾಯಿ ಬಾಟಲಿಗೆ ಜಾತಿ ಏಕೆ?

2020ರ ಜೂನ್‌ನಲ್ಲಿ ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ 'ಆಂಟ್ ಜೆಮೈಮಾ' ಎಂಬ ತನ್ನ ಹಳೆಯ ಹೆಸರನ್ನು ಕೈಬಿಡುವುದಾಗಿ ಪ್ರಕಟಿಸಿತು. ಪ್ಯಾನ್‌ಕೇಕ್ ಹಿಟ್ಟಿಗೆ 1889ರಲ್ಲಿ ಇಟ್ಟ ಹೆಸರದು. ಪೊಟ್ಟಣದ ಮೇಲಿದ್ದದ್ದು ಬಿಳಿಯರ ಮನೆಯಲ್ಲಿ ನಗುನಗುತ್ತ ಬೇಯಿಸಿ ಹಾಕುವ ಕಪ್ಪು ಹೆಂಗಸಿನ ಮುಖ. ಗುಲಾಮಗಿರಿಯನ್ನು ಮನೆಯ ಅಕ್ಕರೆಯಂತೆ ತೋರಿಸಿ ಮಾರುವ ವ್ಯಾಪಾರ ನೂರಮೂವತ್ತು ವರ್ಷ ನಡೆಯಿತು. ನಮ್ಮ ದಿನಸಿ ಅಂಗಡಿಗಳಲ್ಲೂ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿಗಳ ಮೇಲೆ ಬ್ರಾಹ್ಮಣ, ಅಯ್ಯಂಗಾರ್, ಅಯ್ಯರ್ ಎಂಬ ಹೆಸರುಗಳಿವೆ, ಜುಟ್ಟು ಜನಿವಾರದ ಅಡುಗೆಭಟ್ಟರ ಚಿತ್ರಗಳಿವೆ. ಅದನ್ನು ನೋಡಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಅಲ್ಲಿ ಸೇವೆ ಮಾಡುವವಳನ್ನು ಪೊಟ್ಟಣದ ಮೇಲೆ ಕೂರಿಸಿದರು, ಇಲ್ಲಿ ಮೇಲಿನವರನ್ನು ಕೂರಿಸಿದ್ದೇವೆ. ಯಾರ ಕೈ ಯಾವ ಕೆಲಸಕ್ಕೆ ಎಂಬ ಮೇಲುಕೀಳಿನ ಲೆಕ್ಕ ಎರಡರಲ್ಲೂ ಇದೆ. ನಮ್ಮದು ಹೊಗಳಿಕೆಯ ವೇಷದಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಪೇಟೆಯ ಬ್ರೆಡ್ಡು, ಹೋಟೆಲಿನ ಕಾಫಿ ಮುಟ್ಟಿದರೆ ಮಡಿ ಕೆಡುತ್ತದೆಂದು ಅಂಜುತ್ತಿದ್ದ ಕಾಲದಲ್ಲಿ ಮಾಡಿದವರ ಜಾತಿ ತಿಳಿಸುವುದೇ ಗಿರಾಕಿಗೆ ಕೊಡುವ ಭರವಸೆಯಾಗಿತ್ತು. ಬೆಂಗಳೂರಿನ ಬೀದಿಬೀದಿಗೂ ಬಂದ ಅಯ್ಯಂಗಾರ್ ಬೇಕರಿಗಳು, 1965ರಲ್ಲಿ ಶಂಕರಪುರದಲ್ಲಿ ತೆರೆದ ಬ್ರಾಹ್ಮಿನ್ಸ್ ಕಾಫಿ ಬಾರ್ ಆ ರೂಢಿಯ ಹೆಸರುಗಳನ್ನೇ ಹೊತ್ತವು. ಅವುಗಳ ಖಾರಾ ಬನ್ನು, ಇಡ್ಲಿ ಗೆದ್ದದ್ದು ರುಚಿಯಿಂದ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈಗ ಇಂಥ ಹೆಸರಿಗೂ ಒಲೆಯ ಮುಂದೆ ನಿಂತವರಿಗೂ ನಂಟಿರಬೇಕೆಂದೇನೂ ಇಲ್ಲ. ಕೇರಳದಲ್ಲಿ 1987ರಲ್ಲಿ ಶುರುವಾದ 'ಬ್ರಾಹ್ಮಿನ್ಸ್' ಮಸಾಲೆ ಕಂಪನಿಯನ್ನು 2023ರಲ್ಲಿ ಬೆಂಗಳೂರಿನ ವಿಪ್ರೊ ಕನ್ಸ್ಯೂಮರ್ ಕೇರ್ ಕೊಂಡುಕೊಂಡಿತು. ಒಡೆಯರು ಬದಲಾದರು, ಹೆಸರು ಉಳಿಯಿತು. ಕೈಬದಲಾದ ಆಸ್ತಿಯಲ್ಲಿ ಮಡಿಯ ಮೇಲಿನ ನಂಬಿಕೆಯೂ ಸೇರಿತ್ತು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳುವವರು ಕೋಲಾರ ಜಿಲ್ಲೆಯನ್ನೇ ನೋಡಬಹುದು. ಕಗ್ಗನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು ದಲಿತ ಮಹಿಳೆ ಎಂಬ ಕಾರಣಕ್ಕೆ 118 ಮಕ್ಕಳಲ್ಲಿ ನೂರರಷ್ಟು ಮಂದಿ ಶಾಲೆ ಬಿಟ್ಟದ್ದು 2015ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಅಕ್ಕಿ ಬೇಳೆಯಲ್ಲಿ ಯಾರೂ ದೋಷ ಕಾಣಲಿಲ್ಲ, ಬೇಡವಾದದ್ದು ಆ ಕೈ. ಆ ಪೋಷಕರನ್ನು ಪುಡಿಯ ಪೊಟ್ಟಣ ಕೆಡಿಸಿತೆಂದು ನಾನು ಹೇಳುತ್ತಿಲ್ಲ. ಒಂದು ಕೈ ಹುಟ್ಟಿನಿಂದಲೇ ಶುದ್ಧ ಎಂದು ಅಚ್ಚುಹಾಕಿ ಮಾರುವ ಅಂಗಡಿ, ಇನ್ನೊಂದು ಕೈ ಹುಟ್ಟಿನಿಂದಲೇ ಮೈಲಿಗೆ ಎನ್ನುವವರಿಗೆ ದಿನವೂ ಬೆಂಬಲ ಕೊಡುತ್ತದೆ. ಅದೇ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಸೊನೆ ಸಿಡಿದು ಮುಂಗೈ ಸುಟ್ಟುಕೊಂಡು ಕಾಯಿ ಕೀಳುವವರು, ಮಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಗಾತ್ರ ನೋಡಿ ಕ್ರೇಟಿಗೆ ತುಂಬುವ ಹೆಂಗಸರು ಎಲ್ಲ ಜಾತಿಯವರೂ ಹೌದು, ದಲಿತರು ಅವರಲ್ಲಿ ಕಡಿಮೆಯೇನಲ್ಲ. ಅವರೆಲ್ಲ ಮುಟ್ಟಿದ ಮಾವು ಬಾಟಲಿ ಸೇರಿದ ಕೂಡಲೇ ಒಂದೇ ಜಾತಿಯದಾಗಿಬಿಡುವುದು ದುಡಿದವರಿಗೆ ಮಾಡುವ ಅವಮಾನ.

ಸಸ್ಯಾಹಾರವೆಂದು ತಿಳಿಯಲು ಈ ಹೆಸರು ಬೇಕು ಎಂಬ ವಾದ ಹಸಿರು ಚುಕ್ಕೆ ಕಡ್ಡಾಯವಾದ ದಿನವೇ ಬಿದ್ದುಹೋಯಿತು. ಈರುಳ್ಳಿ ಬೆಳ್ಳುಳ್ಳಿ ಹಾಕದಿದ್ದರೆ ಹಾಗೆಂದೇ ಬರೆಯಲಿ. ಗೌಡರ ಮುದ್ದೆ ಹೋಟೆಲ್ ಇಲ್ಲವೇ ಎಂಬ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಪ್ರತಿ ಸಮುದಾಯಕ್ಕೂ ತನ್ನದೇ ಕೈರುಚಿಯಿದೆ, ಅದರ ಹೆಮ್ಮೆ ತಪ್ಪಲ್ಲ. ಆದರೆ ಆ ಹೆಮ್ಮೆಗೆ ಸಂತೆಯಲ್ಲಿ ಎಲ್ಲರಿಗೂ ಒಂದೇ ಬೆಲೆ ಸಿಗುತ್ತದೆಯೇ? 2016ರಲ್ಲಿ ಚಿಂತಕ ಚಂದ್ರಭಾನ್ ಪ್ರಸಾದ್ 'ದಲಿತ್ ಫುಡ್ಸ್' ಎಂಬ ಹೆಸರಲ್ಲಿ ಮಾವಿನ ಉಪ್ಪಿನಕಾಯಿ, ಅರಿಶಿನ ಪುಡಿ ಮಾರಲು ಹೊರಟಾಗ ಆ ಹೆಸರೇ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಬ್ರಾಹ್ಮಣರ ಉಪ್ಪಿನಕಾಯಿ ಎಂದೂ ಸುದ್ದಿಯಾದದ್ದಿಲ್ಲ. ಹಳೆಯ ಬೋರ್ಡುಗಳನ್ನು ಕಿತ್ತುಹಾಕಿ, ಕಾನೂನು ತಂದು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಹೊಸದಾಗಿ ಉಪ್ಪಿನಕಾಯಿ, ಹಪ್ಪಳ, ಪುಡಿ ಮಾಡಹೊರಟ ಸ್ವಸಹಾಯ ಸಂಘಗಳು, ರೈತರ ಕಂಪನಿಗಳು ಮಾರುಕಟ್ಟೆಯ ಆಸೆಗೆ ಈ ದಾರಿ ಹಿಡಿಯಬಾರದು. ಧಾರವಾಡ ಪೇಡ, ಬ್ಯಾಡಗಿ ಮೆಣಸಿನಕಾಯಿ ಊರಿನ ಹೆಸರಿನಿಂದಲೇ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದವು. ಯಾವ ಹೋಬಳಿಯ ಕಾಯಿ, ಯಾವ ತಳಿ, ಯಾವ ಎಣ್ಣೆ ಎಂದು ಬರೆದರೆ ಶ್ರೀನಿವಾಸಪುರದ ಮಾವಿಗೂ ಬೇರೆ ಶಿಫಾರಸು ಬೇಕಾಗುವುದಿಲ್ಲ.