ಹೊಗಳಿಕೆ ವೇತನವಾಗದು
ಭದ್ರಾವತಿಯಿಂದ ರೋಗಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯುವ ನಾವು ಅಲ್ಲಿ ಮೊದಲು ಅರಸುವುದು ದಾದಿಯನ್ನು. ಆದರೆ ನಮ್ಮದೇ ಮಗಳು ದಾದಿಯಾಗುವೆನೆಂದರೆ ರಾತ್ರಿ ಪಾಳಿಯ ಮಾತೆತ್ತಿ ತಡೆಯುತ್ತೇವೆ. ಮದೀನಾದಲ್ಲಿ ಡೇರೆ ಹಾಕಿ ಗಾಯಾಳುಗಳನ್ನು ಉಪಚರಿಸಿದ ರುಫೈದಾ(ರ)ರನ್ನು ಭಾಷಣಗಳಲ್ಲಿ ಸ್ಮರಿಸಿದರಷ್ಟೇ ಸಾಕೇ?

ಹೆತ್ತವರ ಆತಂಕ ಸುಳ್ಳಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದಲ್ಲಿ ಕರ್ತವ್ಯನಿರತ ವೈದ್ಯೆಯೊಬ್ಬರ ಹತ್ಯೆಯಾಯಿತು. ಸುರಕ್ಷಿತ ವಿಶ್ರಾಂತಿ ಕೊಠಡಿ, ರಾತ್ರಿ ವಾಹನ ಒದಗಿಸುವುದು ಸರಕಾರದ ಹೊಣೆ.

ಸರಕಾರದ ಧೋರಣೆಯಾದರೋ ಬೇರೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯರನ್ನು ಅದು ‘ಸ್ವಯಂಸೇವಕಿ’ಯರೆಂದೇ ದುಡಿಸಿಕೊಂಡಿತು. ಮಾಸಿಕ 10,000 ರೂ.ಗಳ ಭರವಸೆ ಪಡೆಯಲು ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು.

ಸೇವೆಯೆಂಬ ಹೊಗಳಿಕೆ ವೇತನಕ್ಕೆ ಬದಲಿಯಲ್ಲ. ಇದನ್ನು ಸರಕಾರಕ್ಕೆ ಹೇಳುವ ನಮ್ಮ ಜಮಾಅತ್‌ಗಳು ಶಾದಿಮಹಲ್‌ಗಳಿಗೆ ವ್ಯಯಿಸುವ ಹಣದಲ್ಲಿ ಒಂದಂಶವನ್ನು ನರ್ಸಿಂಗ್ ಕಲಿಯುವ ಹೆಣ್ಣುಮಕ್ಕಳಿಗೆ ಮೀಸಲಿಡಲಿ.